ಪ್ರವಾಸಿಗಳ ವಿಜಯನಗರವೂ ಅದರ ಕಾಲುವೆಗಳೂ

1

ವಿಜಯನಗರದ ಕುರಿತು ಪ್ರವಾಸಿಗಳು ಬರೆದ ಗ್ರಂಥಗಳೂ, ಪ್ರವಾಸಿಗಳಿಗಾಗಿ ಬರೆದ ಗ್ರಂಥಗಳೂ ಇಂದು ಒಂದು ಸಣ್ಣ ಭಾಂಡಾರವನ್ನು ತುಂಬುವಷ್ಟಿವೆ. ಈ ಎರಡು ಬಗೆಗಳಿಗೂ ಒಂದು ಮಹತ್ವದ ಅಂತರವಿರುವದು. ಮೊದಲನೆಯವರು ಬಾಳುತ್ತಿದ್ದ ಪಟ್ಟಣವನ್ನು ಕಂಡು ಬರೆದರು. ಎರಡನೆಯವರು ಅಳಿದ ಪಟ್ಟಣವನ್ನು ತೋರಿಸಲು ಬರೆಯುವರು. ಎರಡನೆಯವರು ಮೊದಲನೆಯವರ ಮಾತುಗಳನ್ನೇ ಆಧಾರವಾಗಿಟ್ಟುಕೊಳ್ಳುವರು. ಆದರೆ ಆ ಮಾತುಗಳಲ್ಲಿ ಯಾವುದನ್ನು ಆಯ್ದುಕೊಂಡರು, ಯಾವುದನ್ನು ಬಿಟ್ಟರು ಎಂಬದನ್ನು ವಿಚಾರಿಸಿದವರು ವಿರಳ. ಆ ವಿಚಾರವನ್ನು ಮಾಡುವದೇ ಪ್ರಕೃತ ಲೇಖದ ಉದ್ದೇಶವು.

ನಮ್ಮ ಪ್ರತಿಜ್ಞೆಯನ್ನು ಮೊದಲೇ ಹೇಳಿಬಿಡುವೆವು. ವಿಜಯನಗರವು ಕಾಲುವೆಗಳ ಪಟ್ಟಣವಾಗಿತ್ತು. ಅದನ್ನು ಕಣ್ಣಾರೆ ಕಂಡು ವಿಸ್ತಾರವಾಗಿ ಬರೆದ ಪರದೇಶದವರಲ್ಲಿ ಪ್ರಮುಖರಾದ ಮೂವರೂ ನೀರನ್ನು ಕಂಡರು, ನೀರನ್ನು ಬರೆದರು. ಅವರನ್ನು ಉದಾಹರಿಸುವ ನಾವು ಮಾತ್ರ ಚಿನ್ನವನ್ನೂ ರತ್ನವನ್ನೂ ಕೋಟೆಯನ್ನೂ ಇಟ್ಟುಕೊಂಡು ನೀರನ್ನು ಚೆಲ್ಲಿಬಿಟ್ಟೆವು. ಹಾಗೆ ಚೆಲ್ಲಿದ್ದರಿಂದಲೇ 'ಹಾಳು ಹಂಪೆ' ಎಂಬ ಮಾತು ನಮ್ಮ ಬಾಯಲ್ಲಿ ಗಟ್ಟಿಯಾಯಿತು. ಏಕೆಂದರೆ ಆ ಪಟ್ಟಣದಲ್ಲಿ ಗುಡಿಯ ಪೂಜೆಯೊಂದನ್ನು ಬಿಟ್ಟರೆ, ಹಾಳಾಗದೆ ಉಳಿದು ಇಂದಿಗೂ ತನ್ನ ಮೊದಲಿನ ಕೆಲಸವನ್ನೇ ಮಾಡುತ್ತಿರುವದು ಆ ನೀರು.

ಇಲ್ಲಿ ಒಂದು ಸಂದೇಹವು ಬರಬಹುದು. ಕಾಲುವೆಗಳ ಪಟ್ಟಣವೆಂದರೆ ಇಟಲಿಯ ವೆನಿಸ್ ನಗರದಂತೆ ದೋಣಿಗಳೇ ಬಂಡಿಗಳಾಗಿ, ನೀರೇ ಬೀದಿಯಾಗಿ ಇರತಕ್ಕ ಪಟ್ಟಣವೆಂದು ಲೋಕರೂಢಿ. ವಿಜಯನಗರದ ಕಾಲುವೆಗಳು ಸಂಚಾರಕ್ಕಾಗಿ ತೋಡಿದವುಗಳಲ್ಲ. ನದಿಯನ್ನು ದಾಟುವವರಿಗೆ ಹರಿಗೋಲುಗಳಿದ್ದವು. ಕಾಲುವೆಗಳು ಗದ್ದೆಗೂ ತೋಟಕ್ಕೂ ಅರಮನೆಗೂ ನೀರನ್ನು ಒಯ್ಯುತ್ತಿದ್ದವು. ಅಲ್ಲಿ ಕಾಲುವೆಯು ಬೀದಿ, ಇಲ್ಲಿ ಕಾಲುವೆಯು ಅನ್ನ. ಪಟ್ಟಣದ ಆಕಾರವನ್ನು ನೀರು ನಿರ್ಣಯಿಸಿತೆಂಬ ಮಾತು ಮಾತ್ರ ಎರಡಕ್ಕೂ ಸಮಾನವು. ಆ ಅರ್ಥದಲ್ಲಿಯೇ ಈ ಹೆಸರನ್ನು ನಾವು ಇಲ್ಲಿ ಬಳಸಿರುವೆವು.

2

ಗ್ರಂಥಗಳ ವಿಚಾರಕ್ಕೆ ಮೊದಲು ವಸ್ತುವನ್ನು ಸ್ವಲ್ಪ ನೋಡೋಣ. ಹಂಪೆಯೆಂಬ ಹೆಸರೇ ನೀರಿನ ಹೆಸರು. ಪಾಲು ಹಾಲಾದಂತೆ, ಪೂವು ಹೂವಾದಂತೆ ಪಂಪೆಯು ಹಂಪೆಯಾಯಿತು. ಪಂಪೆಯು ತುಂಗಭದ್ರೆಯ ಪ್ರಾಚೀನ ನಾಮ. ರಾಮಾಯಣದಲ್ಲಿ ಸರಸ್ಸಿನ ಹೆಸರು. ಸ್ಥಳಪುರಾಣದಲ್ಲಿ ವಿರೂಪಾಕ್ಷನ ವಲ್ಲಭೆ. 1336ರಲ್ಲಿ ಸ್ಥಾಪನೆಯಾಯಿತೆಂದು ಪರಂಪರೆಯು ಹೇಳುವ ರಾಜಧಾನಿಗೆ 'ವಿಜಯ' ಎಂಬ ಹೆಸರು ಬಂದದ್ದು ಆಮೇಲೆ. 1565ರಲ್ಲಿ ರಕ್ಕಸತಂಗಡಿಯ ಯುದ್ಧದಿಂದ ವಿಜಯವು ಹೋಯಿತು, ಪಂಪೆಯು ಉಳಿಯಿತು.

ಹುಬ್ಬಳ್ಳಿಯಿಂದ ಗದಗು, ಕೊಪ್ಪಳಗಳ ಮೇಲೆ ಹಾಯ್ದು ಹೊಸಪೇಟೆಗೆ ಹೋಗುವ ರೈಲಿನಲ್ಲಿ ಮುನಿರಾಬಾದನ್ನು ಬಿಟ್ಟು ನದಿಯನ್ನು ದಾಟುವಾಗ ತುಂಗಭದ್ರೆಯ ದೊಡ್ಡ ಅಣೆಕಟ್ಟು ಕಾಣುವದು. 1945ರಲ್ಲಿ ಆರಂಭವಾಗಿ 1953ರಲ್ಲಿ ಸಿದ್ಧವಾದ ಆ ಜಲಾಶಯದ ಒಡಲಲ್ಲಿ ವಲ್ಲಭಾಪುರದ ಹಳೆಯ ಅಣೆಯು ಮುಳುಗಿರುವದು. ಅದರಿಂದ ಹೊರಡುತ್ತಿದ್ದ ರಾಯ ಕಾಲುವೆ, ಬಸವಣ್ಣ ಕಾಲುವೆಗಳು ಈಗ ಹೊಸ ಅಣೆಕಟ್ಟಿನಿಂದ ನೀರನ್ನು ಪಡೆಯುವವು. ಬಸವಣ್ಣ ಕಾಲುವೆಯನ್ನು ಇತಿಹಾಸಜ್ಞರು ಕೃಷ್ಣದೇವರಾಯನ ಕಾಲಕ್ಕೆ, 1521ಕ್ಕೆ ಸೇರಿಸುವರು. ಹೀಗೆ ಐದು ಶತಮಾನಗಳ ಹಿಂದಿನ ಕಾಲುವೆಯು ತನ್ನ ತಲೆಯನ್ನು ಮಾತ್ರ ಬದಲಿಸಿಕೊಂಡು, ಒಡಲನ್ನು ಹಾಗೆಯೇ ಇಟ್ಟುಕೊಂಡಿರುವದು. ನದಿಯಲ್ಲಿ ಕೆಳಗೆ ಕೆಳಗೆ ಹೋದಂತೆ ಹುಲಿಗಿ, ಶಿವಪುರ, ಆನೆಗೊಂದಿ, ಗಂಗಾವತಿ, ಕಂಪ್ಲಿ, ಸಿರುಗುಪ್ಪ ಮುಂತಾದ ಅಣೆಗಳ ಹೆಸರುಗಳು ಬರುವವು.

ಇವುಗಳಲ್ಲಿ ಪ್ರವಾಸಿಯು ಅವಶ್ಯವಾಗಿ ತಿಳಿಯಬೇಕಾದದ್ದು ತುರ್ತಾ ಕಾಲುವೆ. ಇದು ವಿರೂಪಾಕ್ಷನ ಕ್ಷೇತ್ರಕ್ಕೂ ಕಮಲಾಪುರದ ಕಡೆಯ ಅರಮನೆಯ ನೆಲಕ್ಕೂ ನಡುವಿನ ಕಣಿವೆಯಲ್ಲಿ ಹರಿಯುವದು. ದೇವರ ಪಟ್ಟಣ ಒಂದು ಕಡೆ, ಅರಸನ ಪಟ್ಟಣ ಇನ್ನೊಂದು ಕಡೆ, ನಡುವೆ ರೈತನ ನೆಲ. ಹೊರಗಿನಿಂದ ಬಂದವರು ಆ ಬಾಳೆಯ ತೋಟವನ್ನೂ ಭತ್ತದ ಗದ್ದೆಯನ್ನೂ ನೋಡಿ, ಪಟ್ಟಣವು ಹಾಳಾದ ಮೇಲೆ ಯಾರೋ ಬಂದು ಉತ್ತುಕೊಂಡ ನೆಲವೆಂದು ಭಾವಿಸುವರು. ಅದು ಪಟ್ಟಣದಷ್ಟೇ ಹಳೆಯ ಯೋಜನೆಯ ಅಂಗವು.

ಅಣೆಗಳನ್ನು ಕಟ್ಟಿದ ಬಗೆಯೂ ಗಮನಾರ್ಹವಾಗಿದೆ. ನದಿಯ ನಡುವೆ ತಾವಾಗಿಯೇ ಎದ್ದುನಿಂತ ಬಂಡೆಯಿಂದ ಬಂಡೆಗೆ ದೊಡ್ಡ ಕಲ್ಲುಗಳನ್ನು ಒಟ್ಟಿ, ಹೆಚ್ಚಿನ ನೀರು ಮೇಲೆ ಹಾಯ್ದುಹೋಗಲು ಬಿಟ್ಟು, ಬೇಕಾದಷ್ಟನ್ನು ಪಕ್ಕಕ್ಕೆ ತಿರುಗಿಸುವರು. ಕಾಲುವೆಯು ಗುಡ್ಡದ ಬುಡವನ್ನು ಹಿಡಿದು ನೆಲದ ಮಟ್ಟಕ್ಕೆ ಅನುಸಾರವಾಗಿ ಬಳಕುತ್ತ ಸಾಗುವದು. ಅರಮನೆಯ ಪ್ರಾಕಾರದಲ್ಲಿ ಕಲ್ಲಿನ ಕಂಬಗಳ ಮೇಲೆ ಕಲ್ಲಿನ ದೋಣಿಗಳನ್ನಿಟ್ಟು ಮಾಡಿದ ಮೇಲುಗಾಲುವೆಯನ್ನು ಇಂದಿಗೂ ಕಾಣಬಹುದು. 1980ರ ದಶಕದ ಉತ್ಖನನದಲ್ಲಿ ಹೊರಬಂದ ಮೆಟ್ಟಿಲುಗಳ ಪುಷ್ಕರಣಿಗೆ ಆ ಮೇಲುಗಾಲುವೆಯಿಂದಲೇ ನೀರು ಬರುತ್ತಿತ್ತು. ಕಮಲಾಪುರದ ಕೆರೆಯು ಇಂದಿಗೂ ಕೆರೆಯಾಗಿಯೇ ಇದೆ.

ಇದೆಲ್ಲವು ಅರಸರ ಇಚ್ಛಾಮಾತ್ರದಿಂದ ಆದದ್ದಲ್ಲ. ಇದಕ್ಕೆ ಶಾಸ್ತ್ರವಿತ್ತು, ಶಾಸ್ತ್ರಜ್ಞರಿದ್ದರು. ಗೌರಿಬಿದನೂರು ಸೀಮೆಯ 1388ರ ಶಾಸನವು, ಬುಕ್ಕರಾಯನೆಂಬ ರಾಜಕುಮಾರನು ಪೆನುಗೊಂಡೆಯನ್ನಾಳುತ್ತಿದ್ದಾಗ ಜಲಸೂತ್ರದಲ್ಲಿ ಪ್ರವೀಣನಾದ ಸಿಂಗಾಯಭಟ್ಟನಿಗೆ ಹೆನ್ನೆಯ ಹೊಳೆಯಿಂದ ಕಾಲುವೆಯನ್ನು ತರಲು ಆಜ್ಞಾಪಿಸಿದ್ದನ್ನು ಹೇಳುವದು. ಕಡಪೆಯ ಸೀಮೆಯ ಪೊರುಮಾಮಿಳ್ಳದ 1369ರ ಸಂಸ್ಕೃತ ಶಾಸನವು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ, ಅದಕ್ಕೆ ತಗಲಬಹುದಾದ ಆರು ದೋಷಗಳನ್ನೂ ಎಣಿಸುವದು. ಆ ಕೆರೆಯ ಕೆಲಸದಲ್ಲಿ ದಿನಕ್ಕೆ 1000 ಆಳುಗಳು ಎರಡು ವರ್ಷ ದುಡಿದರೆಂದೂ ಅದು ಹೇಳುವದು. ಅಲಂಕಾರಶಾಸ್ತ್ರದಲ್ಲಿ ಕಾವ್ಯದ ಗುಣದೋಷಗಳನ್ನು ಎಣಿಸಿದ ಬುದ್ಧಿಯೇ ಇಲ್ಲಿ ಕೆರೆಯ ಗುಣದೋಷಗಳನ್ನು ಎಣಿಸಿತು.

3

ಇನ್ನು ಕಾವ್ಯಗಳ ವಿಚಾರ. ಪರದೇಶಿಗಳನ್ನು ಕೇಳುವದಕ್ಕೆ ಮೊದಲು ನಮ್ಮ ಕವಿಗಳನ್ನು ಕೇಳುವದು ನ್ಯಾಯವು.

ದಂಡಿಯು ಕಾವ್ಯಾದರ್ಶದಲ್ಲಿ ಮಹಾಕಾವ್ಯಕ್ಕೆ ಬೇಕಾದ ವರ್ಣನೆಗಳನ್ನು ಹೇಳುವಾಗ ನಗರ, ಸಮುದ್ರ, ಪರ್ವತ, ಋತು, ಚಂದ್ರಸೂರ್ಯರ ಉದಯ, ಉದ್ಯಾನಕ್ರೀಡೆ, ಜಲಕ್ರೀಡೆ ಮುಂತಾದವುಗಳನ್ನು ಎಣಿಸಿರುವನು. ನಮ್ಮ ಕವಿಗಳೂ ಅಷ್ಟಾದಶ ವರ್ಣನೆಗಳೆಂದು ಈ ಪದ್ಧತಿಯನ್ನು ಪಾಲಿಸಿದರು. ಈ ಎಣಿಕೆಯಲ್ಲಿ ಒಂದು ಚೋದ್ಯವುಂಟು. ಉದ್ಯಾನವಿದೆ, ಅದಕ್ಕೆ ನೀರನ್ನು ತಂದ ಕಾಲುವೆಯಿಲ್ಲ. ಜಲಕ್ರೀಡೆಯಿದೆ, ಕೊಳವನ್ನು ತುಂಬಿಸಿದ ತೂಬಿಲ್ಲ. ನಾಡಿನ ವರ್ಣನೆಯಲ್ಲಿ ಕವಿಗಳು ಕೆರೆ ಕಾಲುವೆಗಳನ್ನು ತರುವದುಂಟು. ಪಟ್ಟಣದ ವರ್ಣನೆಗೆ ಬಂದ ಕೂಡಲೆ ಅಗಳು, ಕೋಟೆ, ಅಂಗಡಿ, ಉಪ್ಪರಿಗೆಗಳೇ ಮುಂದಾಗುವವು. ನೀರು ಅಲ್ಲಿ ಶೃಂಗಾರದ ಅಥವಾ ಶೌರ್ಯದ ಅಂಗವೇ ಹೊರತು ಜೀವನದ ಅಂಗವಲ್ಲ.

ಇದಕ್ಕೆ ಗಂಗಾದೇವಿಯ ಮಧುರಾವಿಜಯವು ಒಳ್ಳೆಯ ನಿದರ್ಶನವು. ಮೊದಲನೆಯ ಬುಕ್ಕರಾಯನ ಮಗನಾದ ಕಂಪಣರಾಯನ ರಾಣಿಯು ಆಕೆ, ರಾಜಧಾನಿಯನ್ನು ಬಲ್ಲವಳು. ಪ್ರಥಮ ಸರ್ಗದ ನಗರವರ್ಣನೆಯಲ್ಲಿ ಆಕೆಯು ತುಂಗಭದ್ರೆಯನ್ನು ಪಟ್ಟಣದ ಪರಿಖೆಯಾಗಿ ಕಂಡಳು. ನದಿಯು ದೇವಗಂಗೆಯೊಡನೆ ಸ್ಪರ್ಧೆಗೆ ನಿಂತವಳಂತೆ ಪಟ್ಟಣವನ್ನು ಬಳಸಿರುವಳೆಂಬದು ಅಲ್ಲಿಯ ಉತ್ಪ್ರೇಕ್ಷೆ. ಉತ್ಪ್ರೇಕ್ಷೆಯ ಕೆಳಗೆ ಭೂಗೋಳದ ಸತ್ಯವೂ ಉಂಟು, ಏಕೆಂದರೆ ನದಿಯೇ ಆ ಪಟ್ಟಣದ ಉತ್ತರ ದಿಕ್ಕಿನ ಕಾವಲು. ಆದರೆ ಅಗಳಾಗಿ ನಿಂತ ನದಿಯು ಪಟ್ಟಣದ ಹೊರಗೆ ನಿಂತು ಕಾಯುವದಷ್ಟೆ. ಅದೇ ನದಿಯು ಕಾಲುವೆಯಾಗಿ ಒಳಗೆ ಬಂದು ಉಣಿಸಿದ ಕಥೆಯು ಕಾವ್ಯದಲ್ಲಿ ಬರಲಿಲ್ಲ. ಕನಕದಾಸರ ಮೋಹನತರಂಗಿಣಿಯ ದ್ವಾರಕೆಯಲ್ಲಿ ವಿಜಯನಗರದ ಛಾಯೆಯಿದೆಯೆಂದು ವಿದ್ವಾಂಸರು ಒಪ್ಪಿರುವರು. ಆ ಕಾವ್ಯವನ್ನು ಓದಿಸುವ ಅಧ್ಯಾಪಕರು ಕೂಡ ಅದರಿಂದ ಪೇಟೆಯ ಬೀದಿಗಳನ್ನೂ ಜನರ ವೈಭವವನ್ನೂ ಎತ್ತಿ ತೋರಿಸುವದೇ ವಾಡಿಕೆಯಾಗಿದೆ.

ಈ ಮೌನಕ್ಕೆ ಅಪವಾದವಾಗಿ ನಿಂತವನು ಸ್ವತಃ ಅರಸನೇ. ಕೃಷ್ಣದೇವರಾಯನ ತೆಲುಗು ಕಾವ್ಯವಾದ ಆಮುಕ್ತಮಾಲ್ಯದದ ರಾಜನೀತಿಯ ಭಾಗದಲ್ಲಿ, ನಾಡು ಚಿಕ್ಕದಾದರೂ ಕೆರೆ ಕಾಲುವೆಗಳನ್ನು ಮಾಡಿಸಿ ಬಡ ಒಕ್ಕಲಿಗನಿಗೆ ತೆರಿಗೆಯಲ್ಲಿ ಅನುಕೂಲವನ್ನು ತೋರಿದರೆ ಅರಸನಿಗೆ ಅರ್ಥವೂ ಧರ್ಮವೂ ವರ್ಧಿಸುವವೆಂಬ ಉಪದೇಶವಿದೆ. ಇದು ವರ್ಣನೆಯಲ್ಲ, ನೀತಿ. ಆದುದರಿಂದಲೇ ಅಷ್ಟಾದಶ ವರ್ಣನೆಗಳ ಕಟ್ಟಿನಿಂದ ತಪ್ಪಿಸಿಕೊಂಡಿತು. ಈ ಉಪದೇಶವು ಬರಿಯ ಮಾತಾಗಿತ್ತೋ ನಡತೆಯೂ ಆಗಿತ್ತೋ ಎಂಬದನ್ನು ನಿರ್ಣಯಿಸಲು ಪರದೇಶದ ಸಾಕ್ಷಿಗಳ ಕಡೆಗೆ ತಿರುಗಬೇಕು.

4

ವೆನಿಸ್ ಸೀಮೆಯವನಾದ ನಿಕೊಲೊ ಕೊಂತಿಯು ಸುಮಾರು 1420ರಲ್ಲಿ ವಿಜಯನಗರವನ್ನು ಕಂಡನು. ನೀರಿನ ಪಟ್ಟಣದಿಂದ ಬಂದವನು ನೀರನ್ನೇ ಮೊದಲು ಕಂಡಿರಬೇಕೆಂದು ನಾವು ನಿರೀಕ್ಷಿಸುವೆವು. ಆದರೆ ಅವನ ಬಾಯಿಂದ ಕೇಳಿ ಪೊಜ್ಜಿಯೊ ಎಂಬ ವಿದ್ವಾಂಸನು ಬರೆದಿಟ್ಟ ವೃತ್ತಾಂತದಲ್ಲಿ ಕಡಿದಾದ ಬೆಟ್ಟಗಳು, 60 ಮೈಲಿನ ಸುತ್ತಳತೆ, ಕಣಿವೆಗಳನ್ನು ಒಳಗೊಂಡ ಕೋಟೆ, ಶಸ್ತ್ರವನ್ನು ಹಿಡಿಯಬಲ್ಲ 90,000 ಜನರು ಮುಂತಾದ ಮಾತುಗಳೇ ಪಟ್ಟಣದ ಲಕ್ಷಣವಾಗಿ ಬರುವವು. ಇದು ಬೇರೊಬ್ಬರ ಕೈಯಿಂದ ಬಂದ ಸಂಕ್ಷೇಪವಾದ್ದರಿಂದ ಇದನ್ನು ಇಲ್ಲಿಗೇ ಬಿಡುವೆವು. ನಮ್ಮ ಮುಖ್ಯ ಸಾಕ್ಷಿಗಳು ಮೂವರು.

ಮೊದಲನೆಯವನು ಹೇರಾತಿನ ಶಾಹರುಖನ ರಾಯಭಾರಿಯಾದ ಅಬ್ದುರ್ ರಜಾಕ್. ಇವನು 1443ರಲ್ಲಿ ಪ್ರೌಢದೇವರಾಯನ ಆಸ್ಥಾನಕ್ಕೆ ಬಂದನು. ಇವನು ಹೇಳಿದ ಏಳು ಸುತ್ತಿನ ಕೋಟೆಯನ್ನು ಎಲ್ಲ ಕೈಪಿಡಿಗಳೂ ಉದಾಹರಿಸುವವು. ಆದರೆ ಮೊದಲಿನ ಸುತ್ತುಗಳ ನಡುವೆ ಉತ್ತ ಹೊಲಗಳೂ ಮನೆಗಳೂ ತೋಟಗಳೂ ಇದ್ದವೆಂದೂ, ಅರಮನೆಯ ಬಳಿ ನಯವಾಗಿ ಕೆತ್ತಿದ ಕಲ್ಲಿನ ಕಾಲುವೆಗಳಲ್ಲಿ ನೀರು ಹರಿಯುತ್ತಿತ್ತೆಂದೂ ಇವನು ಹೇಳಿರುವದನ್ನು ಉದಾಹರಿಸುವವರು ಕಡಮೆ.

ಎರಡನೆಯವನು ಪೋರ್ತುಗೀಜ ವರ್ತಕನಾದ ಡೊಮಿಂಗೊ ಪಾಯಿಸ್. ಇವನ ಕಾಲ ಸುಮಾರು 1520ರಿಂದ 1522. ಮೂರನೆಯವನು ಅದೇ ದೇಶದ ಕುದುರೆಯ ವ್ಯಾಪಾರಿ ಫೆರ್ನಾವೊ ನೂನಿಜ್. ಇವನು 1535ರ ಸುಮಾರಿಗೆ ಬರೆದವನು. ಇವರಿಬ್ಬರ ವೃತ್ತಾಂತಗಳನ್ನು ಡೇವಿಡ್ ಲೋಪಿಶನು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದನು. 1900ರಲ್ಲಿ ರಾಬರ್ಟ್ ಸಿವೆಲ್ಲನು ಅವುಗಳ ಇಂಗ್ಲಿಷ್ ಭಾಷಾಂತರವನ್ನು ತನ್ನ ಗ್ರಂಥದಲ್ಲಿ ಸೇರಿಸಿದನು. ಅಂದಿನಿಂದ ಇವು ನಮ್ಮೆಲ್ಲರ ಆಧಾರವಾಗಿವೆ.

ಪಾಯಿಸನ ಒಂದು ಮಾತು ಬಹು ಪ್ರಸಿದ್ಧವಾಗಿದೆ. ಅವನು ಒಂದು ಗುಡ್ಡವನ್ನೇರಿ ನೋಡಿದಾಗ ಪಟ್ಟಣವು ರೋಮಿನಷ್ಟು ದೊಡ್ಡದಾಗಿ ಕಂಡಿತು. ಈ ಹೋಲಿಕೆಯನ್ನು ಉದಾಹರಿಸದ ಕೈಪಿಡಿಯು ದುರ್ಲಭ. ಆದರೆ ಅದೇ ಮಾತಿನ ಉತ್ತರಾರ್ಧದಲ್ಲಿ ಅವನು ಏನನ್ನು ಹೇಳಿರುವನು? ಮನೆಗಳ ತೋಟಗಳಲ್ಲಿ ಮರಗಳ ತೋಪುಗಳಿರುವದನ್ನೂ, ಪಟ್ಟಣದ ನಡುವೆ ಹರಿದುಬರುವ ಅನೇಕ ನೀರಿನ ಕಾಲುವೆಗಳನ್ನೂ, ಅಲ್ಲಲ್ಲಿಯ ಕೆರೆಗಳನ್ನೂ ಹೇಳಿರುವನು. ಪೂರ್ವಾರ್ಧವು ಲೋಕಪ್ರಸಿದ್ಧವಾಯಿತು, ಉತ್ತರಾರ್ಧವು ಮರೆಯಾಯಿತು. ರೋಮನ್ನು ಇಟ್ಟುಕೊಂಡು ನೀರನ್ನು ಕತ್ತರಿಸಿದ ಈ ಉದಾಹರಣೆಯೇ ನಮ್ಮ ವಿಮರ್ಶೆಯ ಮೂಲವು.

ನೂನಿಜನು ಕಾರಣವನ್ನೂ ಹೇಳುವನು. ಹಿಂದಿನ ಒಬ್ಬ ಅರಸನು ದೂರದ ದೊಡ್ಡ ಹೊಳೆಗೆ ಕಲ್ಲಿನ ಅಣೆಯನ್ನು ಹಾಕಿಸಿ ಪಟ್ಟಣಕ್ಕೆ ನೀರನ್ನು ತಂದನೆಂದೂ, ಇದರಿಂದ ಸುತ್ತಲೂ ನಿಂಬೆ, ಕಿತ್ತಳೆ, ದ್ರಾಕ್ಷಿ, ಗುಲಾಬಿಗಳ ತೋಟಗಳಾದವೆಂದೂ, ಅರಸನ ಉತ್ಪನ್ನವು 3,50,000 ಪರ್ದಾವುಗಳಿಗಿಂತ ಹೆಚ್ಚಾಗಿ ಬೆಳೆಯಿತೆಂದೂ ಬರೆದಿರುವನು. ಈ ಕೆಲಸವನ್ನು ಇತಿಹಾಸಜ್ಞರು ಸಾಮಾನ್ಯವಾಗಿ ಮೊದಲನೆಯ ದೇವರಾಯನಿಗೆ ಸಲ್ಲಿಸುವರು. ಮುಂದೆ ಕೃಷ್ಣದೇವರಾಯನು ಎರಡು ಗುಡ್ಡಗಳ ನಡುವೆ ಕೆರೆಯನ್ನು ಕಟ್ಟಿಸಿ, ಅದರ ನೀರಾವರಿಯ ನೆಲವನ್ನು ಒಂಬತ್ತು ವರ್ಷಗಳ ವರೆಗೆ ಕರವಿಲ್ಲದೆ ಒಕ್ಕಲಿಗರಿಗೆ ಕೊಟ್ಟನೆಂದೂ, ಅದರ ಉತ್ಪನ್ನವು 20,000 ಪರ್ದಾವುಗಳಿಗೆ ಮುಟ್ಟಿತೆಂದೂ ಅವನು ಹೇಳುವನು. ಆಮುಕ್ತಮಾಲ್ಯದದ ಉಪದೇಶವನ್ನೂ ಈ ವರದಿಯನ್ನೂ ಒಟ್ಟಿಗಿಟ್ಟು ಓದಿದರೆ, ಅರಸನ ಪದ್ಯಕ್ಕೆ ಕುದುರೆಯ ವ್ಯಾಪಾರಿಯು ಭಾಷ್ಯವನ್ನು ಬರೆದಂತೆ ತೋರುವದು. ಕವಿಯ ಮಾತೂ ಪರದೇಶಿಯ ಮಾತೂ ಒಂದಕ್ಕೊಂದು ತಿಳಿಯದೆಯೇ ಕೂಡುವ ಇಂಥ ಸಂಧಿಗಳು ಸಾಹಿತ್ಯವಿಮರ್ಶಕರಿಗೂ ಇತಿಹಾಸಜ್ಞರಿಗೂ ಸಮಾನವಾದ ಲಾಭವು.

ಈ ಸಾಕ್ಷಿಗಳ ತಾತ್ಪರ್ಯವನ್ನು ನಿರ್ಣಯಿಸಲು ಮೀಮಾಂಸಕರ ಅಳತೆಗೋಲನ್ನು ಎರವಲಾಗಿ ತೆಗೆದುಕೊಳ್ಳುವೆವು. ಅವರು ಹೇಳಿದ ಆರು ಲಿಂಗಗಳಲ್ಲಿ ಉಪಕ್ರಮೋಪಸಂಹಾರಗಳ ನಿಯಮವು ಪ್ರವಾಸಿಯ ವೃತ್ತಾಂತಕ್ಕೆ ಹೊಂದುವದಿಲ್ಲ. ಉಳಿದ ಐದನ್ನು ಪರೀಕ್ಷಿಸಬಹುದು. ಅಭ್ಯಾಸವೆಂದರೆ ಮತ್ತೆ ಮತ್ತೆ ಹೇಳುವದು: ಬೇರೆ ಬೇರೆ ಕಾಲದ, ಎರಡು ಬೇರೆ ನಾಡುಗಳ ಮೂವರೂ ಹರಿಯುವ ನೀರನ್ನು ಹೇಳಿರುವರು. ಅಪೂರ್ವತೆಯೆಂದರೆ ಬೇರೆ ಕಡೆಯಿಂದ ದೊರೆಯದ ಅರ್ಥ: ಕಾವ್ಯದ ನಗರವರ್ಣನೆಯು ಬಿಟ್ಟದ್ದನ್ನು ಇವರು ತುಂಬಿರುವರು. ಫಲವನ್ನು ನೂನಿಜನು ಪರ್ದಾವುಗಳಲ್ಲಿ ಎಣಿಸಿಯೇ ಕೊಟ್ಟನು. ಉಪಪತ್ತಿಗೆ ಇಂದಿಗೂ ಹರಿಯುವ ಕಾಲುವೆಗಳೇ ಸಾಕು. ಇನ್ನು ರೋಮಿನ ಹೋಲಿಕೆ ಯಾವುದು? ಅದು ಅರ್ಥವಾದ, ಅಂದರೆ ಹೊಗಳಿಕೆ. ಹೊಗಳಿಕೆಯು ಮುಖ್ಯಾರ್ಥಕ್ಕೆ ಅಂಗವಾಗಿ ನಿಲ್ಲತಕ್ಕದ್ದು. ನಮ್ಮ ಕೈಪಿಡಿಗಳು ಅಂಗವನ್ನೇ ಅಂಗಿಯಾಗಿ ಮಾಡಿಕೊಂಡವು.

ಸತ್ಯವನ್ನು ಹೇಳುವಲ್ಲಿ ಅಪ್ರಿಯವನ್ನು ಮುಚ್ಚಬಾರದು. ಅದೇ ಕೆರೆಯ ಕೆಲಸದಲ್ಲಿ 15ರಿಂದ 20 ಸಾವಿರ ಜನರು ಇರುವೆಗಳಂತೆ ಮುತ್ತಿಕೊಂಡಿದ್ದರೆಂದು ಪಾಯಿಸನು ಬರೆದಿರುವನು. ಏರಿಯು ಎರಡು ಮೂರು ಸಲ ಒಡೆದಾಗ 60 ಜನರ ತಲೆಗಳನ್ನು ಬಲಿಯಾಗಿ ಕೊಯ್ಯಿಸಿದರೆಂದೂ ಬರೆದಿರುವನು. ನೀರಿನ ಇತಿಹಾಸವನ್ನು ಬರೆಯುವವನು ತೋಟದ ಗುಲಾಬಿಯನ್ನು ತೋರಿಸಿ ಏರಿಯ ಕೆಳಗಿನ ರಕ್ತವನ್ನು ಬಿಡುವದಾದರೆ, ಅವನೂ ಉತ್ತರಾರ್ಧವನ್ನು ಕತ್ತರಿಸಿದವನೇ ಆಗುವನು.

5

ಈಗ ಆಧುನಿಕ ಗ್ರಂಥಗಳ ಕಡೆಗೆ ಬರೋಣ. ಗ್ರಂಥದ ಹೆಸರು ಗ್ರಂಥಕಾರನ ದೃಷ್ಟಿಯನ್ನು ಸೂಚಿಸುವದು. ಸಿವೆಲ್ಲನ 1900ರ ಗ್ರಂಥದ ಹೆಸರಿನ ಅರ್ಥವು 'ಮರೆತುಹೋದ ಸಾಮ್ರಾಜ್ಯ'. ಪ್ರಾಚ್ಯವಸ್ತು ಇಲಾಖೆಯ ಲಾಂಗ್‌ಹರ್ಸ್ಟನು 1917ರಲ್ಲಿ ಪ್ರಕಟಿಸಿದ ಸಚಿತ್ರ ಗ್ರಂಥದ ಹೆಸರು ಹಂಪೆಯ ಅವಶೇಷಗಳನ್ನೇ ಹೇಳುವದು. ಅದೇ 1917ರಲ್ಲಿ ನಮ್ಮ ಧಾರವಾಡದ ಆಲೂರ ವೆಂಕಟರಾಯರ 'ಕರ್ನಾಟಕ ಗತವೈಭವ'ವು ಹೊರಬಂದಿತು. ಒಂದು ಮರೆವು, ಒಂದು ಅವಶೇಷ, ಒಂದು ಗತ. ಮೂರು ಹೆಸರುಗಳೂ ಇಲ್ಲದ್ದನ್ನೇ ಎತ್ತಿ ಹೇಳುವವು.

ಇವರ ಉಪಕಾರವನ್ನು ಕಡಮೆ ಮಾಡುವದು ನಮ್ಮ ಉದ್ದೇಶವಲ್ಲ. ಸಿವೆಲ್ಲನಿಲ್ಲದಿದ್ದರೆ ಪಾಯಿಸ ನೂನಿಜರು ನಮ್ಮ ಕೈಗೆ ಇಷ್ಟು ಬೇಗ ಬರುತ್ತಿರಲಿಲ್ಲ. ಲಾಂಗ್‌ಹರ್ಸ್ಟನು ಕಲ್ಲಿನ ಮೇಲುಗಾಲುವೆಗಳನ್ನೂ ಸ್ನಾನಗೃಹವನ್ನೂ ಕಾಣದೆ ಹೋದವನಲ್ಲ. ಆಲೂರರಂತೂ 1905ರ ಹಂಪೆಯ ದರ್ಶನದಿಂದ ಪ್ರೇರಿತರಾಗಿ ಒಂದು ನಾಡನ್ನೇ ಎಬ್ಬಿಸಿದವರು; ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ಆಗ ಬೇಕಾಗಿದ್ದದ್ದು ಕಳೆದುಕೊಂಡದ್ದರ ಅರಿವು. ಕಳೆದದ್ದನ್ನು ನೆನೆಸದೆ ಅವರು ಜನರನ್ನು ಎಬ್ಬಿಸುವದು ಹೇಗೆ? 1936ರಲ್ಲಿ ಧಾರವಾಡದಿಂದ ಹೊರಟ ವಿಜಯನಗರದ ಆರುನೂರನೆಯ ವರ್ಷದ ಸ್ಮಾರಕ ಸಂಪುಟವೂ ಅದೇ ಎಚ್ಚರದ ಫಲವು. ಆದರೆ ಔಷಧವು ರೋಗಕ್ಕೆ ತಕ್ಕದ್ದಾಗಿರಬೇಕು. 1956ರಲ್ಲಿ ಕನ್ನಡ ನಾಡು ಒಂದಾಯಿತು. ಅಂದಿನ ಶೋಕವನ್ನೇ ಇಂದಿನ ಪ್ರವಾಸಿಗೆ ಕುಡಿಸುವದರಿಂದ ಯಾವ ಪ್ರಯೋಜನವೂ ಇಲ್ಲ. ಕ್ಷೇಮೇಂದ್ರನು ಹೇಳುವ ಔಚಿತ್ಯವು ಕಾಲಕ್ಕೂ ಸಂಬಂಧಿಸಿದ್ದು.

ಕನ್ನಡದಲ್ಲಿ ಹಂಪೆಯ ಪ್ರವಾಸವನ್ನು ಮೊದಮೊದಲು ಸಾಹಿತ್ಯವನ್ನಾಗಿ ಮಾಡಿದ ವಿ. ಸೀತಾರಾಮಯ್ಯನವರು ತಮ್ಮ ಗ್ರಂಥವನ್ನು 'ಪಂಪಾಯಾತ್ರೆ'ಯೆಂದು ಕರೆದರು. ಈ ಹೆಸರಿನಲ್ಲಿ ಹಾಳೂ ಇಲ್ಲ, ಗತವೂ ಇಲ್ಲ. ನೀರಿನ ಹೆಸರಿದೆ, ಹೋಗುವವನ ನಡಿಗೆಯಿದೆ. ಪ್ರವಾಸಿಗಾಗಿ ಬರೆಯುವವರು ಈ ಹೆಸರಿನಿಂದ ಕಲಿಯತಕ್ಕದ್ದುಂಟು.

1980ರಿಂದೀಚೆಗೆ ಜಾನ್ ಫ್ರಿಟ್ಜ್, ಜಾರ್ಜ್ ಮಿಶೆಲ್ ಮುಂತಾದವರು ಪಟ್ಟಣವನ್ನು ಅಳೆದು ನಕ್ಷೆಗಳನ್ನು ಬರೆದರು. ಕ್ಯಾಥಲೀನ್ ಮಾರಿಸನ್ನರು 1995ರಲ್ಲಿ ವಿಜಯನಗರದ ಬೇಸಾಯದ ಬೆಳವಣಿಗೆಯನ್ನು ಕುರಿತು ಗ್ರಂಥವನ್ನು ಪ್ರಕಟಿಸಿದರು. ಡೊಮಿನಿಕ್ ಡೇವಿಸನ್ ಜೆಂಕಿನ್ಸರು 1997ರಲ್ಲಿ ನೀರಾವರಿಯನ್ನೂ ನೀರಿನ ಪೂರೈಕೆಯನ್ನೂ ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿದರು. ಹೀಗೆ ವಿದ್ವಾಂಸರ ಕೆರೆಯು ತುಂಬಿದೆ. ಅದರ ತೂಬು ಮಾತ್ರ ಪ್ರವಾಸಿಯ ಕಡೆಗೆ ಇನ್ನೂ ತೆರೆದಿಲ್ಲ. ನಮ್ಮ ಕಣ್ಣಿಗೆ ಬಿದ್ದ ಕೈಪಿಡಿಗಳಲ್ಲಿ ಬಹುತರವಾದವು ಗುಡಿಯಿಂದ ಗುಡಿಗೆ, ಮಂಟಪದಿಂದ ಮಂಟಪಕ್ಕೆ ಹಾರುವವು. ಗುಡಿಗಳ ನಡುವಿನ ನೆಲವು ಅವುಗಳಲ್ಲಿ ಬರಿಯ ದೂರವಾಗಿ, ಇಷ್ಟು ಮೈಲು, ಇಷ್ಟು ನಿಮಿಷವೆಂದು ಎಣಿಸಲ್ಪಡುವದು.

ಪೊರುಮಾಮಿಳ್ಳದ ಶಾಸನವು ಹೇಳಿದ ಆರು ದೋಷಗಳಲ್ಲಿ ಕೆಲವು ಈ ಕೈಪಿಡಿಗಳಿಗೂ ಹೊಂದುವವು. ಏರಿಯಿಂದ ನೀರು ಜಿನುಗುವದು ಒಂದು ದೋಷವು: ಉದಾಹರಿಸುವಾಗ ಮೂಲದ ಅರ್ಥವು ಸೋರಿಹೋಗುವದು ಅದಕ್ಕೆ ಸಮಾನವು. ಕೆರೆಯ ಅಂಗಳದಲ್ಲಿ ನಡುವೆ ದಿಣ್ಣೆಯಿರುವದು ಇನ್ನೊಂದು: ರತ್ನ ಸುವರ್ಣಗಳ ವರ್ಣನೆಯು ನಡುವೆ ಉಬ್ಬಿ ನಿಂತು ನೀರು ನಿಲ್ಲಲು ಎಡೆಯಿಲ್ಲದಂತೆ ಮಾಡುವದು. ನೀರು ಅಲ್ಪ, ನೆಲವು ವಿಸ್ತಾರ ಎಂಬದು ಮತ್ತೊಂದು: ಸಂಗತಿಯು ಅಲ್ಪ, ಮಾತು ವಿಸ್ತಾರ.

6

ಯಾರಾದರೂ ಹೀಗೆ ಕೇಳಬಹುದು: ಪ್ರವಾಸಿಯು ಒಂದೆರಡು ದಿನಗಳಿಗೆ ಬರುವವನು. ಅವನಿಗೆ ಕಲ್ಲಿನ ರಥವನ್ನೂ ಹಜಾರರಾಮನ ಗುಡಿಯನ್ನೂ ತೋರಿಸದೆ ಗದ್ದೆಯ ಕಾಲುವೆಯನ್ನು ಏಕೆ ತೋರಿಸಬೇಕು? ಉತ್ತರವು ಸುಲಭ. ಗುಡಿಗಳನ್ನು ಬಿಡಬೇಕೆಂದು ನಾವು ಹೇಳುವದಿಲ್ಲ. ಆದರೆ ಅಷ್ಟು ದೊಡ್ಡ ಪಟ್ಟಣವು ಆ ಕಲ್ಲಿನ ಕಾಡಿನಲ್ಲಿ, ಮಳೆ ಕಡಮೆಯಾದ ಸೀಮೆಯಲ್ಲಿ ಏನನ್ನು ಉಂಡು ಬದುಕಿತೆಂಬ ಪ್ರಶ್ನೆಯು ಯಾವ ಪ್ರವಾಸಿಗೂ ಸಹಜವಾದದ್ದು. ಅದಕ್ಕೆ ಉತ್ತರವನ್ನು ಕೊಡದ ಕೈಪಿಡಿಯು ದೇಹವನ್ನು ಬಿಟ್ಟು ಆಭರಣವನ್ನು ವರ್ಣಿಸಿದ ಕಾವ್ಯದಂತೆ.

ಇದಕ್ಕಿಂತ ದೊಡ್ಡ ಕಾರಣವೂ ಉಂಟು. ಹಂಪೆಯ ಸ್ಮಾರಕಗಳು 1986ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿದವು. 1999ರಿಂದ 2006ರ ವರೆಗೆ ಅಪಾಯದಲ್ಲಿರುವ ಸ್ಥಾನಗಳ ಪಟ್ಟಿಯಲ್ಲಿಯೂ ಇದ್ದವು. ಸ್ಮಾರಕವನ್ನು ಕಾಯುವದು ಹೇಗೆ, ಅಲ್ಲಿಯ ಜನರು ಬದುಕುವದು ಹೇಗೆ ಎಂಬ ವಾದವು ಅಂದಿನಿಂದ ನಿಂತಿಲ್ಲ. ಈ ವಾದದಲ್ಲಿ ಗ್ರಂಥಗಳ ಭಾಷೆಯು ಬರಿಯ ಭಾಷೆಯಲ್ಲ. ಹಂಪೆಯು ಹಾಳೆಂದು ಮೊದಲೇ ನಿರ್ಣಯಿಸಿದರೆ, ಅಲ್ಲಿ ಮಡೆಯನ್ನು ತಿರುಗಿಸುವ ರೈತನು ಹಾಳಿನಲ್ಲಿ ಹೊಕ್ಕವನಾಗಿ ಕಾಣುವನು. ಕಾಲುವೆಯೂ ಸ್ಮಾರಕವೆಂದು ತಿಳಿದರೆ, ಅದೇ ರೈತನು ಸ್ಮಾರಕವನ್ನು ನಡೆಯಿಸುವವನಾಗಿ ಕಾಣುವನು. ಕೋಟೆಯ ಗೋಡೆಯನ್ನು ಯಾರೂ ಮುಟ್ಟದಿದ್ದರೆ ಅದು ಉಳಿಯುವದು. ಕಾಲುವೆಯನ್ನು ಯಾರೂ ಮುಟ್ಟದಿದ್ದರೆ ಅದು ಒಂದೆರಡು ಮಳೆಗಾಲಗಳಲ್ಲಿ ಹೂಳು ತುಂಬಿ ಹೋಗುವದು. ಬಳಸುವದೇ ಅದರ ರಕ್ಷಣೆಯು.

ಪ್ರತಿವರ್ಷವೂ ನಮ್ಮ ಹುಬ್ಬಳ್ಳಿ ಧಾರವಾಡಗಳ ಶಾಲೆ ಕಾಲೇಜುಗಳ ಮಕ್ಕಳು ಪ್ರವಾಸಕ್ಕಾಗಿ ಹಂಪೆಗೆ ಹೋಗುವರು. ಅವರ ಕೂಡ ಹೋಗುವವರು ಬಹುಶಃ ಸಾಹಿತ್ಯದ ಇಲ್ಲವೆ ಇತಿಹಾಸದ ಅಧ್ಯಾಪಕರು. ಅವರಲ್ಲಿ ನಮ್ಮದು ಒಂದೇ ವಿಜ್ಞಾಪನೆ. ಪಾಯಿಸನನ್ನು ಉದಾಹರಿಸುವಾಗ ರೋಮಿನ ಹತ್ತಿರ ನಿಲ್ಲಿಸದೆ ಮಾತನ್ನು ಪೂರ್ತಿಯಾಗಿ ಹೇಳಬೇಕು. ಕನಕದಾಸರನ್ನೂ ಗಂಗಾದೇವಿಯನ್ನೂ ಓದಿಸುವಾಗ ಕಾವ್ಯವು ಕಂಡದ್ದರ ಜೊತೆಗೆ ಕಾವ್ಯಪದ್ಧತಿಯು ಕಾಣಗೊಡದಿದ್ದದ್ದನ್ನೂ ತಿಳಿಸಬೇಕು. ಇನ್ನು ಹೊಸ ಕೈಪಿಡಿಯನ್ನು ಬರೆಯುವವರು ಹೊಸಪೇಟೆಯ ಅಣೆಕಟ್ಟಿನಿಂದ ಆರಂಭಿಸಿ, ಕಾಲುವೆಯ ಏರಿಯನ್ನು ಹಿಡಿದು, ಕಮಲಾಪುರದ ಕೆರೆ, ಅರಮನೆಯ ಮೇಲುಗಾಲುವೆ, ಪುಷ್ಕರಣಿ, ತುರ್ತಾ ಕಾಲುವೆಯ ಕಣಿವೆ, ಕಡೆಗೆ ವಿರೂಪಾಕ್ಷನ ಸನ್ನಿಧಿಯ ಹೊಳೆ ಎಂಬ ಕ್ರಮದಲ್ಲಿ ಪ್ರವಾಸಿಯನ್ನು ಕರೆದುಕೊಂಡು ಹೋಗಲಿ. ಹಾದಿಯಲ್ಲಿ ಗುಡಿಗಳೆಲ್ಲವೂ ತಾವಾಗಿಯೇ ಸಿಕ್ಕುವವು.

'ಹಾಳು' ಎಂಬ ಶಬ್ದವನ್ನು ನಿಘಂಟಿನಿಂದ ತೆಗೆಯಬೇಕಾಗಿಲ್ಲ. ಬಿದ್ದ ಗೋಡೆಗೂ ಒಡೆದ ಶಿಲ್ಪಕ್ಕೂ ಅದು ಒಪ್ಪುವದು. ಆದರೆ ಒಂದು ಪಟ್ಟಣದ ನೀರು ಹರಿಯುತ್ತಿರುವಾಗ, ಆ ನೀರಿನಿಂದ ಬೆಳೆದ ಭತ್ತವನ್ನು ಜನರು ಉಣ್ಣುತ್ತಿರುವಾಗ, ಇಡೀ ಪಟ್ಟಣಕ್ಕೆ ಆ ವಿಶೇಷಣವನ್ನು ಹಚ್ಚುವದು ಲಕ್ಷಣಕ್ಕೆ ವಿರುದ್ಧವಾದ ಪ್ರಯೋಗವೆಂದು ವಿದ್ವಜ್ಜನರು ಒಪ್ಪುವರೆಂದು ನಂಬಿರುವೆವು.